ಎಲ್ಲಕ್ಕೂ ‘ವೀಕ್’ ಅನ್ನಬೇಡಿ: ಮಾಡಬೇಕಾದ್ದು, ಮಾಡಬಾರದ್ದು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಆಸ್ಪತ್ರೆ ಚೀಟಿ, ಕೀಟನಾಶಕದ ಲೇಬಲ್, ವಿಮೆ ಫಾರಂ ಹಿಡಿದು ನಿಂತವರಿಗೆ. ಕುಂದುವುದು, ತಗ್ಗುವುದು, ಸವೆಯುವುದು, ತೆಳುವಾಗುವುದು: ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಕ್ರಿಯಾಪದವಿದೆ. ಅದಲು ಬದಲಾದರೆ ಜೀವ ಹೋಗುತ್ತದೆ, ವಿಮೆ ಹಣ ತಪ್ಪುತ್ತದೆ, ಅಮಾಯಕರ ಮೇಲೆ ಕೇಸು ಬೀಳುತ್ತದೆ.

ಮಾಡಬೇಕಾದ್ದು

ತಾಲ್ಲೂಕು ಕಚೇರಿಗೆ, ಪಂಚಾಯಿತಿಗೆ, ನೀರಾವರಿ ನಿಗಮಕ್ಕೆ ಕನ್ನಡದಲ್ಲೇ ಅರ್ಜಿ ಕೊಡಿ. 1963ರ ಕರ್ನಾಟಕ ರಾಜಭಾಷಾ ಅಧಿನಿಯಮ ನಿಮ್ಮ ಬೆನ್ನಿಗಿದೆ.

ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸ್ವಾಧೀನ ತಪ್ಪಿದರೆ 108ಕ್ಕೆ ಕರೆ ಮಾಡಿ.

ಯಾವ ಬದಿ, ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಮೊದಲು ಹೇಳಿ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು.

ಮಂಡ್ಯದ ಮಿಮ್ಸ್‌ಗೆ ಕಳಿಸುವಾಗ ಆ ಗಂಟೆಯನ್ನು ರೆಫರಲ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಚೀಟಿಯಲ್ಲಿ ‘ಡಿಟೀರಿಯೊರೇಟಿಂಗ್’ ಎಂದಿದ್ದರೆ ಆ ಕ್ಷಣವೇ ಹೊರಡಿ: ರೋಗಿಯ ಸ್ಥಿತಿ ಹದಗೆಡುತ್ತಿದೆ.

‘ಫೀವರ್ ಸಬ್‌ಸೈಡೆಡ್’ ಎಂದಿದ್ದರೆ ಜ್ವರ ಇಳಿದಿದೆ ಎಂದು ಓದಿಕೊಳ್ಳಿ.

ಅದೇ ‘ಸಬ್‌ಸೈಡ್’ ಮನೆಯ ಪಾಯದ ಬಗ್ಗೆ ಬಂದರೆ ಮನೆಯಿಂದ ಹೊರಗೆ ಬನ್ನಿ. ಅಲ್ಲಿ ಇಳಿಯುತ್ತಿರುವುದು ನೆಲ.

‘ಟೇಪರ್’ ಎಂದಿದ್ದರೆ ಯಾವ ದಿನ ಎಷ್ಟು ಮಾತ್ರೆ ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಪ್ರಮಾಣವನ್ನು ಹಂತ ಹಂತವಾಗಿ ಇಳಿಸಬೇಕು ಎಂದರ್ಥ.

ಲೇಬಲ್ಲಿನಲ್ಲಿ ‘ಡೈಲ್ಯೂಟ್’ ಕಂಡರೆ ಹೇಳಿದಷ್ಟು ನೀರಿಗೆ ಹೇಳಿದಷ್ಟೇ ಔಷಧ ಅಳೆದು ಹಾಕಿ.

ಡೈರಿಯಲ್ಲಿ ಹಾಲು ತೆಳು ಎಂದರೆ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅಂಕಿಯ ಚೀಟಿ ಕೇಳಿ ಪಡೆಯಿರಿ.

ವಿ.ಸಿ. ನಾಲೆಯ ಏರಿ ಕೊರೆದಿದ್ದರೆ ‘ಎರೋಡೆಡ್’, ಒಡೆದೇ ಹೋಗಿದ್ದರೆ ‘ಬ್ರೀಚ್ಡ್’ ಎನ್ನಿ. ಒಡೆದಾಗ ಮೊದಲು ಫೋನ್ ಮಾಡಿ, ಅರ್ಜಿ ಆಮೇಲೆ.

ಆಲಿಕಲ್ಲು ಬಿದ್ದು ವಿಮೆ ಮಾಡಿಸಿದ ಬೆಳೆ ಹಾಳಾದರೆ 72 ಗಂಟೆಯೊಳಗೆ 14447ಕ್ಕೆ ತಿಳಿಸಿ.

ಪೈರು ನೆಲಕ್ಕೊರಗಿದ್ದರೆ ಇಂಗ್ಲಿಷ್ ಫಾರಂನಲ್ಲಿ ‘ಲಾಡ್ಜ್ಡ್’ ಎಂದು ಬರೆಯಿರಿ.

ಮಾಡಬಾರದ್ದು

ಲಕ್ವ ಹೊಡೆದವರನ್ನು ‘ವೀಕ್‌ನೆಸ್ಸು, ಒಂದು ಗ್ಲೂಕೋಸ್ ಹಾಕಿ’ ಎಂದು ಕ್ಲಿನಿಕ್ಕಿನಲ್ಲಿ ಮಲಗಿಸುವುದು ಬೇಡ. ನಮ್ಮ ಸೀಮೆಯಲ್ಲಿ ಸುಸ್ತಿಗೂ ವೀಕ್‌ನೆಸ್ಸು, ಕೈ ಬಿದ್ದುಹೋದದ್ದಕ್ಕೂ ವೀಕ್‌ನೆಸ್ಸು. ಬಾಟಲಿ ಖಾಲಿಯಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಬರೀ ತಲೆ ಸುತ್ತಿದ್ದಕ್ಕೆ ‘ಫೇಂಟೆಡ್’ ಬೇಡ. ಪ್ರಜ್ಞೆ ತಪ್ಪಿದರೆ ಮಾತ್ರ ಆ ಮಾತು.

ಡೆಂಗಿ ಜ್ವರ ‘ಸಬ್‌ಸೈಡ್’ ಆಯಿತೆಂದು ರೋಗಿಯನ್ನು ಒಂಟಿಯಾಗಿ ಬಿಡಬಾರದು. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಗಂಡಾಂತರದ ಹೊತ್ತು. ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ರಕ್ತಸ್ರಾವ ಕಂಡರೆ ಬೆಳಗಾಗಲಿ ಎಂದು ಕಾಯುವುದು ಬೇಡ.

ಬಹಳ ದಿನ ತೆಗೆದುಕೊಂಡ ಸ್ಟಿರಾಯ್ಡ್ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು. ರಕ್ತದೊತ್ತಡ ಕುಸಿದು ಸಾವು ಬರಬಹುದು.

ಕೀಟನಾಶಕಕ್ಕೆ ಕಣ್ಣಂದಾಜು ಬೇಡ.

ಕಟ್ಟಿಕೊಂಡ ನಾಜಲ್ಲನ್ನು ಬಾಯಿಂದ ಊದಬಾರದು.

ಆಸಿಡ್ ‘ಡೈಲ್ಯೂಟ್’ ಮಾಡುವಾಗ ಆಸಿಡ್ಡಿಗೆ ನೀರು ಸುರಿಯಬಾರದು. ಸುರಿದರೆ ಸಿಡಿದು ಮುಖಕ್ಕೆ ಬರುತ್ತದೆ. ನೀರಿಗೇ ಆಸಿಡ್ಡು, ಸ್ವಲ್ಪ ಸ್ವಲ್ಪ.

ಎಸ್‌ಎನ್‌ಎಫ್ ಇಳಿಯಿತೆಂದ ಮಾತ್ರಕ್ಕೆ ಯಾರ ಮೇಲೂ ‘ಅಡಲ್ಟರೇಟೆಡ್’ ಎಂದು ದೂರು ಬರೆಯುವುದು ಬೇಡ. ಅದು ಕಲಬೆರಕೆಯ ಆರೋಪ. ಮೇವು ಸಾಲದಿದ್ದರೂ, ಕೆಚ್ಚಲು ಬಾವು ಬಂದರೂ ಎಸ್‌ಎನ್‌ಎಫ್ ಇಳಿಯುತ್ತದೆ.

ನೀರು ಬೆರೆಸಿದ್ದು ಸಾಬೀತಾದಾಗ ಅದನ್ನು ಬರೀ ‘ಡೈಲ್ಯೂಟೆಡ್’ ಎಂದು ತೇಲಿಸುವುದೂ ಬೇಡ. 2021ರಲ್ಲಿ ಮಂಡ್ಯ ಹಾಲು ಒಕ್ಕೂಟದ ಟ್ಯಾಂಕರ್ ಹಾಲಿಗೆ ನೀರು ಬೆರೆಸಿದ ಹಗರಣ ಬಯಲಾದ ಜಿಲ್ಲೆ ಇದು.

ನೀರಿಲ್ಲದೆ ಒಣಗಿದ ಬೆಳೆಗೆ ‘ವಿಲ್ಟ್’ ಎಂದಷ್ಟೇ ಬರೆಯಬಾರದು. ಸೊರಗು ರೋಗದ ಹೆಸರೂ ಅದೇ. ಕಾರಣ ಬಿಡುವುದು ಬೇಡ.

ಅರ್ಥವಾಗದ ಫಾರಂಗೆ ಸಹಿ, ಹೆಬ್ಬೆಟ್ಟು ಬೇಡ.

ಕೆಆರ್‌ಎಸ್ ಮಟ್ಟ 124.80 ಅಡಿಯಿಂದ ಕೆಳಗಿಳಿದರೆ ‘ಡ್ಯಾಮ್ ವೀಕನ್ಡ್’ ಎಂದು ಬರೆಯಬಾರದು. ನೀರು ಕಡಿಮೆಯಾದರೆ ‘ಡ್ವಿಂಡಲ್ಡ್’. ‘ವೀಕನ್ಡ್’ ಅಂದರೆ ಕಟ್ಟೆಯೇ ಶಿಥಿಲವಾಯಿತೆಂದು ಓದುತ್ತಾರೆ. ಅಂಥ ಸಂದೇಶ ಬಂದರೆ ಊರಿನ ವಾಟ್ಸಾಪ್ ಗುಂಪಿಗೆ ದಾಟಿಸುವುದು ಬೇಡ.