ಗಂಡನನ್ನು ಕರೆಸಿಕೊಳ್ಳುವ ಮುನ್ನ

ಮಗಳೇ, ಮದುವೆ ಮುಗಿಸಿ, ಗಂಡನನ್ನು ಊರಲ್ಲೇ ಬಿಟ್ಟು ಅಮೆರಿಕಕ್ಕೆ ಮರಳಿದ್ದೀಯ. ನೀನು ಅಲ್ಲಿನ ಪ್ರಜೆ. ಹಾಗಾಗಿ ಅವನ ವೀಸಾಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿ ಇಲ್ಲ. ಹಾಗೆಂದು ಕೆಲಸ ಸಲೀಸು ಎಂದುಕೊಳ್ಳಬೇಡ. ಮೊದಲು ಗಂಡನಿಗಾಗಿ ನೀನು ಹಾಕುವ ಐ-130 ಅರ್ಜಿಯನ್ನು ಅಲ್ಲಿನ ವಲಸೆ ಇಲಾಖೆ ಒಪ್ಪಬೇಕು. ಆಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಕೊನೆಗೆ ಅವನು ಮುಂಬೈ ಕಾನ್ಸುಲೇಟ್‌ನಲ್ಲಿ ಸಂದರ್ಶನಕ್ಕೆ ಹಾಜರಾಗಬೇಕು. ಮೂರೂ ಕಡೆ ನಿಮ್ಮ ಪರಿಚಯವೇ ಇಲ್ಲದವರು ಕಾಗದ ನೋಡಿ ತೀರ್ಮಾನಿಸುತ್ತಾರೆ. ಅದಕ್ಕೇ ಹೇಳುವುದು, ನಿಮ್ಮ ಕಾಗದಗಳೆಲ್ಲ ಒಂದೇ ಮಾತು ಹೇಳಬೇಕು.

ನಮ್ಮವರು ಎಡವುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ. ಎಸ್.’ ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಸೇರಿಸಿರುತ್ತಾರೆ. ಜನನ ಪ್ರಮಾಣಪತ್ರ ತೆಗೆಸಿದರೆ ಮಗುವಿನ ಹೆಸರಿನ ಜಾಗವೇ ಖಾಲಿ, ತಂದೆತಾಯಿಯ ಹೆಸರಷ್ಟೇ. ಇವೆಲ್ಲ ಒಬ್ಬನವೇ ಎಂದು ನಮಗೆ ಗೊತ್ತು, ಅಲ್ಲಿ ಕೂತ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಎಲ್ಲ ಅರ್ಜಿಯಲ್ಲೂ ಅಕ್ಷರಶಃ ಹಾಗೇ ಬರೆ. ಜನನ ಪತ್ರದಲ್ಲಿ ಹೆಸರು ಇಲ್ಲದಿದ್ದರೆ ನೋಂದಣಿ ಮಾಡಿದ ಕಚೇರಿಯಲ್ಲೇ ಅರ್ಜಿ ಕೊಟ್ಟು ಸೇರಿಸಿಕೊಳ್ಳಲಿ. ಜನನವೇ ನೋಂದಣಿಯಾಗಿಲ್ಲದಿದ್ದರೆ ‘ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಪಡೆದು, ಜೊತೆಗೆ ಹತ್ತಿರದ ಸಂಬಂಧಿಕರ ಅಫಿಡವಿಟ್, ಶಾಲಾ ದಾಖಲೆ ಇಡಬೇಕು. ಈ ಓಡಾಟವನ್ನು ಸಂದರ್ಶನದ ಪತ್ರ ಬಂದ ಮೇಲೆ ಎಂದು ಮುಂದೂಡಬೇಡಿ.

ಛತ್ರದಲ್ಲಿ ಸಾವಿರ ಜನ ಅಕ್ಷತೆ ಹಾಕಿದ್ದರೂ ಲಗ್ನಪತ್ರಿಕೆ ಸಾಲದು, ಉಪನೋಂದಣಾಧಿಕಾರಿ ಕೊಟ್ಟ ವಿವಾಹ ಪ್ರಮಾಣಪತ್ರವೇ ಬೇಕು. ನಿಮ್ಮಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿಯ ಪ್ರತಿಯನ್ನೂ ಇಡು. ಪೊಲೀಸ್ ಕ್ಲಿಯರೆನ್ಸ್ ಅನ್ನು ಪಾಸ್‌ಪೋರ್ಟ್ ಕಚೇರಿಯಿಂದ ತೆಗೆಸಬೇಕು, ಠಾಣೆಯ ಪತ್ರ ನಡೆಯದು. ವಲಸೆ ಇಲಾಖೆಗೆ ಕಳಿಸುವ ಕನ್ನಡ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು. ಅದು ಪೂರ್ಣ, ಸರಿ, ತಮಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಬರೆದು ಸಹಿ ಮಾಡಿರಬೇಕು.

ನಿಮ್ಮ ದಾಂಪತ್ಯ ನಿಜವೆಂದು ತೋರಿಸುವ ಹೊಣೆಯೂ ನಿಮ್ಮದೇ. ಆರತಿ ತಟ್ಟೆಯ ಮುಂದೆ ನಿಂತ ನೂರು ಫೋಟೋಗಿಂತ, ಎರಡೂ ಮನೆಯವರು ಜೊತೆಗಿರುವ ಕೆಲವು ಫೋಟೋ, ನೀನು ಊರಿಗೆ ಬಂದ ಟಿಕೆಟ್, ಬೇರೆ ಬೇರೆ ತಿಂಗಳ ಕರೆಗಳ ದಾಖಲೆ, ಒಬ್ಬರಿಗೊಬ್ಬರು ಕಳಿಸಿದ ಹಣದ ರಸೀದಿ ಹೆಚ್ಚು ತೂಕದವು. ಇಲ್ಲದ್ದನ್ನು ಸೃಷ್ಟಿಸಬೇಡ. ವೀಸಾಕ್ಕಾಗಿ ಹೇಳಿದ ಒಂದು ಸುಳ್ಳು ಅವನಿಗೆ ಅಮೆರಿಕದ ಬಾಗಿಲನ್ನೇ ಮುಚ್ಚಿಬಿಡಬಹುದು. ‘ನಾನೆಲ್ಲ ನೋಡಿಕೊಳ್ಳುತ್ತೇನೆ, ಖಾಲಿ ಫಾರಂಗೆ ಸಹಿ ಹಾಕಿ’ ಎನ್ನುವ ಏಜೆಂಟ್ ಸಿಕ್ಕರೆ ಎದ್ದು ಬಾ. ತೊಡಕಿದ್ದರೆ ಪರವಾನಗಿ ಇರುವ ವಕೀಲರನ್ನು ಕೇಳು. ಸಹಿಗೆ ಮುಂಚೆ ಪ್ರತಿ ಸಾಲನ್ನೂ ನೀನೇ ಓದು.

ಅದರಲ್ಲೂ ಐ-864 ಅನ್ನು ಎರಡು ಸಲ ಓದು. ಅದು ಗಂಡನ ಪೋಷಣೆಗೆ ನೀನು ಸರ್ಕಾರಕ್ಕೆ ಬರೆದುಕೊಡುವ ಮುಚ್ಚಳಿಕೆ. ನಿನ್ನ ಆದಾಯ ಸಾಮಾನ್ಯವಾಗಿ ಅಲ್ಲಿನ ಬಡತನ ರೇಖೆಯ ಶೇಕಡಾ 125 ಮುಟ್ಟಬೇಕು. ಸಾಲದಿದ್ದರೆ ಅಲ್ಲೇ ನೆಲೆಸಿರುವ ಪ್ರಜೆಯೋ ಗ್ರೀನ್ ಕಾರ್ಡ್ ಉಳ್ಳವರೋ ಜಂಟಿ ಹೊಣೆ ಹೊರಬಹುದು. ವಿಚ್ಛೇದನವಾದರೂ ಈ ಹೊಣೆ ತಪ್ಪುವುದಿಲ್ಲ. ಅವನು ಪ್ರಜೆಯಾಗುವವರೆಗೆ ಅಥವಾ ಅವನ ದುಡಿಮೆಯ ಲೆಕ್ಕಕ್ಕೆ 40 ತ್ರೈಮಾಸಿಕ ಸೇರುವವರೆಗೆ ಇರುತ್ತದೆ. ಅವನು ದೇಶ ಬಿಟ್ಟು ಗ್ರೀನ್ ಕಾರ್ಡ್ ತೊರೆದರೆ, ಇಬ್ಬರಲ್ಲೊಬ್ಬರು ತೀರಿಕೊಂಡರೆ ಮುಗಿಯುತ್ತದೆ. ಜಂಟಿ ಹೊಣೆಗೆ ಅಣ್ಣನನ್ನೋ ಮಾವನನ್ನೋ ಕೇಳುವಾಗ ದಾಕ್ಷಿಣ್ಯಕ್ಕೆ ಸಿಲುಕಿಸಬೇಡ, ಇದನ್ನೆಲ್ಲ ವಿವರಿಸಿ ಕೇಳು.

ಅವನು ಬಂದಿಳಿದ ಮೇಲೂ ಕಡತ ಎತ್ತಿಡಬೇಡ. ಬರುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಎರಡೇ ವರ್ಷದ ಷರತ್ತಿನ ಗ್ರೀನ್ ಕಾರ್ಡ್ ಕೊಡುತ್ತಾರೆ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಆ ಷರತ್ತು ತೆಗೆಸಲು ಇಬ್ಬರೂ ಸೇರಿ ಐ-751 ಅರ್ಜಿ ಸಲ್ಲಿಸಬೇಕು. ಮನೆ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ವಿಮೆಯಲ್ಲಿ ಮೊದಲ ದಿನದಿಂದಲೇ ಇಬ್ಬರ ಹೆಸರೂ ಇರಲಿ. ಮನೆ ಬದಲಿಸಿದರೆ ಅವನು 10 ದಿನದೊಳಗೆ ವಿಳಾಸ ತಿಳಿಸಬೇಕು.

ಕಾಯುವ ತಿಂಗಳುಗಳಲ್ಲಿ ಬೇಸರ ಬಂದು ಒಬ್ಬರ ಮೇಲೊಬ್ಬರು ರೇಗುವುದು ಸಹಜ. ತಡ ಮಾಡುವುದು ಕಚೇರಿ, ನಿನ್ನ ಗಂಡನಲ್ಲ. ವಾರಕ್ಕೊಂದು ದಿನ ಇಬ್ಬರೂ ಫೋನಿನಲ್ಲಿ ಕೂತು ಕಡತ ನೋಡಿ, ಉಳಿದ ದಿನ ಗಂಡ ಹೆಂಡತಿಯಾಗಿ ಮಾತಾಡಿ.