ಗೌಜಲಕ್ಕಿ ಮರಿ ತೂಕಡಿಸಿದರೆ ಮೊದಲು ಬಲ್ಬ್ ನೋಡಿ

ಕಳೆದ ಜನವರಿಯಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಾಲು ಸಂಘಕ್ಕೆ ಬೆಳಗಿನ ಹಾಲಿನ ವೇಳೆಗೆ ಹೋಗಿದ್ದೆ. ಹಾಲು ಹಾಕಿ ನಿಂತಿದ್ದ ಸದಸ್ಯೆಯೊಬ್ಬರು ಸೆರಗಿನ ಗಂಟು ಬಿಚ್ಚಿ ನಾಲ್ಕು ಸತ್ತ ಮರಿಗಳನ್ನು ತೋರಿಸಿದರು. ಎರಡು ಆಕಳ ಜೊತೆಗೆ ಕೈಖರ್ಚಿಗಾದೀತು ಎಂದು ಇನ್ನೂರು ಗೌಜಲಕ್ಕಿ ಮರಿ ತಂದಿದ್ದರು. ಮೂರು ದಿನದಲ್ಲಿ ನಲವತ್ತು ಹೋಗಿದ್ದವು. "ನೀರಿಗೆ ಔಷಧಿ ಹಾಕೀನ್ರಿ ಡಾಕ್ಟ್ರ, ಆದ್ರೂ ಸಾಯೋದು ನಿಂತಿಲ್ಲ" ಎಂದರು.

ಮನೆಗೆ ಹೋಗಿ ನೋಡಿದೆ. ಮರಿಗಳು ಪೆಟ್ಟಿಗೆಯ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಮೇಲೆ ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬ್. ಬೆಳಕೇನೋ ಚೆನ್ನಾಗಿತ್ತು, ಕೆಳಗೆ ಕೈ ಹಿಡಿದರೆ ಬಿಸಿಯೇ ಇಲ್ಲ. ಮರಿಗಳಿಗೆ ರೋಗ ಬಂದಿರಲಿಲ್ಲ, ಚಳಿ ಹಿಡಿದಿತ್ತು. ಅಂಗಡಿಯ ಪುಡಿಗೆ ಕೊಟ್ಟ ದುಡ್ಡು ದಂಡ.

ನಾವು ಸಾಕುವುದು ಜಪಾನಿ ತಳಿ. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಬಂದು, ಅಲ್ಲಿಂದ ದೇಶಕ್ಕೆಲ್ಲ ಹರಡಿದ್ದು. (ಹೊಲದಲ್ಲಿ ಬಲೆ ಹಾಕಿ ಹಿಡಿಯುವ ಕಾಡು ಹಕ್ಕಿ ಬೇರೆ, ಅದನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.) ಮೊಟ್ಟೆ 17-18 ದಿನಕ್ಕೆ ಒಡೆಯುತ್ತದೆ. ಆಗ ಮರಿಯ ತೂಕ 7-8 ಗ್ರಾಂ, ಅಂದರೆ ಹತ್ತು ರೂಪಾಯಿ ನಾಣ್ಯದಷ್ಟು. ಕೋಳಿಮರಿ ಇದರ ಐದು ಪಟ್ಟು ತೂಗುತ್ತದೆ. ಇಷ್ಟು ಚಿಕ್ಕ ಮೈಯಲ್ಲಿ ಬಿಸಿ ನಿಲ್ಲುವುದಿಲ್ಲ. ಮೈ ತಣ್ಣಗಾದ ಮರಿ ತಿನ್ನುವುದಿಲ್ಲ, ಕುಡಿಯುವುದಿಲ್ಲ. ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತದೆ. ನೋಡಿದವರಿಗೆ ರೋಗದಂತೆಯೇ ಕಾಣುತ್ತದೆ.

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35ರಿಂದ 37 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತ ಬನ್ನಿ. ಹಳೆಯ ತಂತಿಯ ಬಲ್ಬ್, ಇಲ್ಲವೇ ಶಾಖಕ್ಕೆಂದೇ ಮಾಡಿದ ಇನ್‌ಫ್ರಾರೆಡ್ ಬಲ್ಬ್ ಹಾಕಿ. ಒಂದು ಥರ್ಮಾಮೀಟರ್ ಕೊಂಡು ನೆಲದಿಂದ ಎರಡು ಬೆರಳು ಮೇಲೆ ತೂಗಿಬಿಡಿ. ಅದಕ್ಕಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗೂಡಿ ಚೀರಿದರೆ ಚಳಿ. ಅಂಚಿಗೆ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿದರೆ ಎದುರು ಮಗ್ಗುಲಿನಿಂದ ಗಾಳಿ ನುಗ್ಗುತ್ತಿದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಬಲ್ಬ್ ಆರಿಸಬೇಕಾದೀತು, ಜನವರಿ ರಾತ್ರಿ ಎರಡು ಬೇಕಾದೀತು. ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಮಾತ್ರ ಇಡಬೇಡಿ. ಅದರ ವಿಷಗಾಳಿ ಮರಿಗಳನ್ನಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ.

ಸೊರಗಿದ ಮರಿಯನ್ನು ಬೇರೆ ಪೆಟ್ಟಿಗೆಗೆ ತೆಗೆದು ಮೊದಲು ಮೈ ಬೆಚ್ಚಗೆ ಮಾಡಿ, ಆಮೇಲೆ ನೀರು, ಕೊನೆಗೆ ಆಹಾರ. ಈ ಸಾಲು ತಪ್ಪಬಾರದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಸಕ್ಕರೆ ಕರಗಿಸಿ, ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಿ. ತಾನಾಗಿ ನುಂಗಲಿ. ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಸಾಯುತ್ತದೆ. ಚೇತರಿಸಿದ ಮೇಲೆ ಸಾದಾ ನೀರು ಸಾಕು. ನೀರಿನ ತಟ್ಟೆಯಲ್ಲಿ ಗೋಲಿ ಅಥವಾ ಸಣ್ಣ ಕಲ್ಲು ತುಂಬಿಡಿ. ಕಾಲು ಇಂಚು ನೀರಿನಲ್ಲೂ ಈ ಮರಿ ಮುಳುಗುತ್ತದೆ.

ಮನೆಯಲ್ಲಿ ಹಾಲಿದೆಯಲ್ಲ ಎಂದು ಹಾಲು ಕುಡಿಸಬೇಡಿ. ಹಾಲಿನ ಸಕ್ಕರೆ ಹಕ್ಕಿಗೆ ಅರಗುವುದಿಲ್ಲ, ಭೇದಿಯಾಗುತ್ತದೆ. ಆಕಳ ಪಶು ಆಹಾರವೂ ಬೇಡ. ಅದರಲ್ಲಿ ಯೂರಿಯಾ ಸೇರಿರಬಹುದು. ಅದನ್ನು ಬಳಸಿಕೊಳ್ಳುವ ಹೊಟ್ಟೆ ಮೆಲುಕು ಹಾಕುವ ಪ್ರಾಣಿಗಷ್ಟೇ ಇದೆ. ಗೌಜಲಕ್ಕಿ ಮರಿಗೆ ಶೇಕಡ 24-27 ಪ್ರೋಟೀನ್ ಇರುವ ಮರಿ ಆಹಾರ ಬೇಕು, ಅದೂ ರವೆಯಷ್ಟು ಸಣ್ಣದಾಗಿ.

ಕಾಲು ಎರಡೂ ಕಡೆ ಜಾರಿ ಬಿದ್ದ ಮರಿ ಕಂಡರೆ ನೆಲ ನೋಡಿ. ಸುದ್ದಿಪತ್ರಿಕೆ ಹಾಸಿರುತ್ತೀರಿ. ಅದನ್ನು ತೆಗೆದು ಗೋಣಿಚೀಲ ಹಾಸಿ. ಮೊದಲ ಎರಡು ದಿನದೊಳಗಾದರೆ ಉಣ್ಣೆಯ ದಾರದಿಂದ ಎರಡೂ ಕಾಲನ್ನು ಒಂದು ಬೆರಳಿನ ಅಂತರ ಬಿಟ್ಟು ಸಡಿಲವಾಗಿ ಕಟ್ಟಿದರೆ ಮೂರು ನಾಲ್ಕು ದಿನದಲ್ಲಿ ಸರಿಯಾಗುವುದುಂಟು. ಹಿಂಭಾಗಕ್ಕೆ ಹಿಕ್ಕೆ ಅಂಟಿದ್ದರೆ ಬೆಚ್ಚನೆ ನೀರಿನ ಹತ್ತಿಯಿಂದ ನೆನೆಸಿ ಒರೆಸಿ, ಕೀಳಬೇಡಿ. ಹೊಕ್ಕುಳಿಗೆ ಅಂಟಿದ ಎಳೆಯನ್ನಂತೂ ಮುಟ್ಟಲೇಬೇಡಿ.

ಇನ್ನು ನಿಜವಾದ ರೋಗಗಳು. ಹೊಟ್ಟೆ ಉಬ್ಬಿ, ಹೊಕ್ಕುಳು ಒದ್ದೆಯಾಗಿ ವಾಸನೆ ಬಂದರೆ ಅದು ಹೊಕ್ಕುಳ ಸೋಂಕು. ಗಲೀಜು ಮೊಟ್ಟೆ ಅಥವಾ ಗಲೀಜು ಮರಿ ಯಂತ್ರದಿಂದ ಬಂದದ್ದು. ಅಂಥ ಮರಿ ಉಳಿಯುವುದು ಕಡಿಮೆ. ಕುತ್ತಿಗೆ ಚಾಚಿ, ಸದ್ದಿಲ್ಲದೆ ಬಾಯಿ ತೆರೆದು ಉಸಿರಾಡಿದರೆ ಶಿಲೀಂಧ್ರದ ನ್ಯುಮೋನಿಯಾ ಇರಬಹುದು. ನಮ್ಮ ಭಾಗದಲ್ಲಿ ಇದಕ್ಕೆ ದಾರಿ ಶೇಂಗಾ ಹೊಟ್ಟು. ಸುಗ್ಗಿಯಲ್ಲಿ ಪುಕ್ಕಟೆ ಸಿಗುತ್ತದೆಂದು ಹಾಸುತ್ತೇವೆ, ನೀರು ಚೆಲ್ಲಿ ನೆನೆದರೆ ಬೂಸ್ಟು ಹಿಡಿಯುತ್ತದೆ. ಇದಕ್ಕೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ, ಹೊಟ್ಟನ್ನೇ ಬದಲಿಸಬೇಕು. ಬಿಳಿ ನೀರಿನಂಥ ಹಿಕ್ಕೆ ಹಾಕುತ್ತ ಬೆನ್ನು ಗೂನಾಗಿಸಿ ಕೂತ ಮರಿಗಳಿಗೆ ಕರುಳಿನ ಹುಣ್ಣಿನ ರೋಗವಿರಬಹುದು. ಇದಕ್ಕೆ ಔಷಧಿ ಇದೆ, ಆದರೆ ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರು ಹೇಳಲಿ. ಅಂದು ಸತ್ತ ಒಂದೆರಡು ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ಯಿರಿ. ಕೊಯ್ದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆದರೆ ಬೆಳೆದ ಹಕ್ಕಿ, ಕೋಳಿಗಳೂ ರಾಶಿರಾಶಿ ಸತ್ತರೆ ಮುಟ್ಟದೆ ಆಸ್ಪತ್ರೆಗೆ ಫೋನ್ ಮಾಡಿ. 2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನಲ್ಲೇ ಹಕ್ಕಿಜ್ವರ ಕಂಡಿತ್ತು.

ಆ ಸದಸ್ಯೆಯ ಮನೆಯಲ್ಲಿ ಅಂದು ಸಂಜೆಯೇ ತಂತಿಯ ಬಲ್ಬ್ ಎರಡು ಹಾಕಿ, ಪೆಟ್ಟಿಗೆಯ ಸುತ್ತ ಗೋಣಿ ಕಟ್ಟಿದೆವು. ಮರುದಿನ ಆರು ಸತ್ತವು, ಅದರ ಮರುದಿನ ಎರಡು. ಆಮೇಲೆ ನಿಂತಿತು. ಪೆಟ್ಟಿಗೆಯನ್ನು ದನದ ಕೊಟ್ಟಿಗೆಯಿಂದ ಹೊರಗೆ ಇಡಿಸಿದೆ. ಮರಿಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ಆದ್ದರಿಂದ ಮರಿ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ಕೆಚ್ಚಲಿಗಾಗಲಿ ಹಾಲಿನ ಕ್ಯಾನಿಗಾಗಲಿ ಕೈ ಹಾಕಬೇಡಿ.