ಹಿಡಿದವಳು ಯಾರು?

ಶಾಲೆಯ ಕಬಡ್ಡಿ ಪಂದ್ಯದ ವಿಡಿಯೋ ನೋಡಿದ್ದೀರಾ? ದಾಳಿಗೆ ಬಂದವಳು ಒಬ್ಬಳು, ಎದುರಿಗೆ ಏಳು ಮಂದಿ. ನಮ್ಮ ಕಣ್ಣೆಲ್ಲ ದಾಳಿಗೆ ಬಂದವಳ ಮೇಲೆಯೇ. ಅಷ್ಟರಲ್ಲಿ ಅವಳು ನೆಲಕ್ಕೆ! ಮೂಲೆಯಿಂದ ಹಾರಿ ಮೊದಲು ಕಾಲು ಹಿಡಿದವಳು ಯಾರು? ಗುಂಪಿನಲ್ಲಿ ಅವಳು ಕಾಣುವುದೇ ಇಲ್ಲ. ಅವಳನ್ನು ಎಲ್ಲರಿಗೂ ತೋರಿಸೋಣ.

ವಿಡಿಯೋ ಎಂದರೆ ಚಿತ್ರಗಳ ಸಾಲು. ಸಾಮಾನ್ಯವಾಗಿ ಸೆಕೆಂಡಿಗೆ 25 ಅಥವಾ 30 ಚಿತ್ರಗಳು ಓಡುತ್ತವೆ. ಒಂದೊಂದು ಚಿತ್ರವೂ ಒಂದು ಫ್ರೇಮ್. ಕಂಪ್ಯೂಟರಿನಲ್ಲಿ ಕೆಡೆನ್‌ಲೈವ್‌ನಂತಹ ಉಚಿತ ತಂತ್ರಾಂಶದಲ್ಲಿ ವಿಡಿಯೋ ತೆರೆದು, ಒಂದೊಂದೇ ಫ್ರೇಮ್ ಮುಂದೆ ಸರಿಸಿರಿ. ಆ ಹುಡುಗಿ ಹಾರುವ ಮುನ್ನವೇ ನಿಲ್ಲಿಸಿರಿ. ಹಿಡಿದ ಮೇಲೆ ನಿಲ್ಲಿಸಿದರೆ ಪ್ರಯೋಜನವಿಲ್ಲ. ಆಗ ಉಳಿದವರೆಲ್ಲ ಅವಳ ಮೇಲೆ ಬಿದ್ದಿರುತ್ತಾರೆ! ಆ ಫ್ರೇಮನ್ನು ಚಿತ್ರವಾಗಿ ಉಳಿಸಿ, ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅವಳ ಸುತ್ತ ತೆಳುವಾದ ಹಳದಿ ವೃತ್ತ ಎಳೆಯಿರಿ. ವಿಡಿಯೋವನ್ನು ಅಲ್ಲಿಯೇ ತುಂಡರಿಸಿ, ನಡುವೆ ಈ ಚಿತ್ರವನ್ನು ಎರಡು ಸೆಕೆಂಡು ಇರುವಂತೆ ಸೇರಿಸಿರಿ. ಬಳಿಕ ಆಟ ಮುಂದುವರಿಯಲಿ.

ವೃತ್ತವೂ ಅವಳೊಂದಿಗೆ ಓಡಬೇಕೇ? ಅದಕ್ಕೆ ಕೀಫ್ರೇಮ್ ಬೇಕು. ಈಗ ಇಲ್ಲಿ, ಆಮೇಲೆ ಅಲ್ಲಿ ಎಂದು ನಾವು ಎರಡು ಜಾಗ ಗುರುತಿಸಿದರೆ, ನಡುವಿನ ದಾರಿಯನ್ನು ತಂತ್ರಾಂಶವೇ ತುಂಬುತ್ತದೆ. ಆದರೆ ಅದು ಸಾಮಾನ್ಯವಾಗಿ ನೇರವಾಗಿಯೇ ಹೋಗುತ್ತದೆ. ಆಟಗಾರ್ತಿ ತಿರುಗಿದಲ್ಲೆಲ್ಲ ಇನ್ನೊಂದು ಗುರುತು ಇಡಬೇಕು.

ಲೆಕ್ಕ ಹಾಕಿರಿ: ಸೆಕೆಂಡಿಗೆ 25 ಫ್ರೇಮಿನಂತೆ ಎರಡು ಸೆಕೆಂಡಿಗೆ ಎಷ್ಟು ಫ್ರೇಮ್?